ಆಂಟಿಬಾಡಿ ರಿಪೋರ್ಟ್ ಕೈಗೆ ಬಂತಾ? ಹೀಗೆ ಓದಿ

ಲಸಿಕೆ ಹಾಕಿಸಿಕೊಂಡಿದ್ದೀರಿ, ಆಮೇಲೂ ಕೋವಿಡ್ ಬಂದು ಹೋಗಿದೆ. ಈಗ ಕೈಯಲ್ಲೊಂದು ಆಂಟಿಬಾಡಿ ರಿಪೋರ್ಟ್, ಅಂದರೆ ವೈರಸ್ಸಿಗೆ ಅಂಟಿಕೊಳ್ಳಲು ದೇಹ ತಯಾರಿಸಿದ ಪ್ರೋಟೀನು ರಕ್ತದಲ್ಲಿ ಎಷ್ಟಿದೆ ಅನ್ನುವ ಲೆಕ್ಕ. ನಿಮ್ಮದು 1,200, ಗೆಳೆಯನದು 3,600 ಅಂತಿಟ್ಟುಕೊಳ್ಳಿ. ಅವನಿಗೆ ಮೂರು ಪಟ್ಟು ರಕ್ಷಣೆ ಅಂತ ಲೆಕ್ಕ ಹಾಕಬೇಡಿ. ಮೊದಲು ಆ ಸಂಖ್ಯೆಯನ್ನು ಬಿಟ್ಟು ಪಕ್ಕದಲ್ಲಿರುವ ಸಣ್ಣ ಅಕ್ಷರ ನೋಡಿ.

ವೈರಸ್ಸಿನ ಯಾವ ಭಾಗಕ್ಕೆ ಅಂಟುವ ಆಂಟಿಬಾಡಿ ಅಳೆದಿದ್ದಾರೆ ಅಂತ ಅಲ್ಲಿರುತ್ತದೆ: ಸ್ಪೈಕ್ (ವೈರಸ್ಸಿನ ಮೈಮೇಲಿನ ಮುಳ್ಳು) ಅಂತಲೋ ನ್ಯೂಕ್ಲಿಯೊಕ್ಯಾಪ್ಸಿಡ್ (ವೈರಸ್ಸಿನ ಒಳಗಿನ ಪ್ರೋಟೀನು) ಅಂತಲೋ. ಎಸ್ ಅಥವಾ ಎನ್ ಅಂತ ಮಾತ್ರ ಇದ್ದರೂ ಅದೇ. ಫೈಜರ್, ಮೊಡೆರ್ನಾ, ಕೋವಿಶೀಲ್ಡ್ ದೇಹಕ್ಕೆ ತೋರಿಸುವುದು ಸ್ಪೈಕ್ ಒಂದನ್ನೇ. ಹಾಗಾಗಿ ಇವನ್ನು ಪಡೆದವರಲ್ಲಿ ಎನ್ ಪಾಸಿಟಿವ್ ಬಂದರೆ ವೈರಸ್ ನಿಜವಾಗಿಯೂ ಒಳಗೆ ಬಂದು ಹೋಗಿದೆ ಅಂತ ಅರ್ಥ. ಕೋವ್ಯಾಕ್ಸಿನ್ ಆದರೆ ಈ ಲೆಕ್ಕ ನಡೆಯುವುದಿಲ್ಲ, ಅದರಲ್ಲಿ ಸತ್ತ ವೈರಸ್ ಇಡಿಯಾಗಿ ಇರುತ್ತದೆ. ಎನ್ ನೆಗೆಟಿವ್ ಬಂದರೆ ಸೋಂಕೇ ಆಗಿಲ್ಲ ಅಂತಲೂ ಹೇಳಲಾಗದು. ಮೊಡೆರ್ನಾ ಪ್ರಯೋಗದಲ್ಲಿ ಲಸಿಕೆ ಪಡೆದೂ ಸೋಂಕಾದವರಲ್ಲಿ ಸುಮಾರು 40% ಜನರಲ್ಲಿ ಮಾತ್ರ ಎನ್ ಆಂಟಿಬಾಡಿ ಕಂಡಿತ್ತು. ಲಸಿಕೆಯಿಲ್ಲದೆ ಸೋಂಕಾದವರಲ್ಲಿ ಅದು ಸುಮಾರು 93%.

ಆಮೇಲೆ ಯೂನಿಟ್. ಬೇರೆ ಬೇರೆ ಕಂಪನಿಯ ಕಿಟ್‌ಗಳ ಅಂಕಿಯನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ರಕ್ತ ಕೊಟ್ಟ ದಿನವನ್ನೂ ನೋಡಿ. ಡೋಸ್ ಆಗಿ ಕೆಲವು ವಾರಕ್ಕೆ ಆಂಟಿಬಾಡಿ ತುದಿ ಮುಟ್ಟಿ, ಆಮೇಲೆ ತಿಂಗಳುಗಟ್ಟಲೆ ಇಳಿಯುತ್ತದೆ. ಇಳಿಯಲೇಬೇಕು ಕೂಡ, ಬಂದ ಪ್ರತಿ ಸೋಂಕಿನ ಆಂಟಿಬಾಡಿಯೂ ಹಾಗೇ ಉಳಿದರೆ ರಕ್ತ ಗಂಜಿಯಾಗಿಬಿಡುತ್ತದೆ ಅಲ್ವಾ?

ಈಗ ಎಲ್ಲರೂ ಎಡವುವ ಜಾಗ. ಸಾಮಾನ್ಯ ಎಸ್ ಪರೀಕ್ಷೆಗಳು ಮೊದಲು ಬಂದ ಹಳೆಯ ವೈರಸ್ಸಿನ ಸ್ಪೈಕ್ ಇಟ್ಟುಕೊಂಡೇ ತಯಾರಾದವು. 2021ರ ನವೆಂಬರ್‌ನಲ್ಲಿ ಕಾಣಿಸಿಕೊಂಡ ಒಮಿಕ್ರಾನ್‌ನ ಸ್ಪೈಕ್‌ನಲ್ಲಿ 30ಕ್ಕೂ ಜಾಸ್ತಿ ಬದಲಾವಣೆ ಇದ್ದವು, ಅವುಗಳಲ್ಲಿ ಹಲವು ಸರಿಯಾಗಿ ಆಂಟಿಬಾಡಿ ಹಿಡಿಯುವ ಜಾಗದಲ್ಲೇ. ನಿಮ್ಮ 1,200ರಲ್ಲಿ ಎಷ್ಟು ಆಂಟಿಬಾಡಿ ಈಗಿನ ತಳಿಯನ್ನು ತಡೆಯುತ್ತದೆ ಅಂತ ಆ ಕಾಗದ ಹೇಳುವುದೇ ಇಲ್ಲ. ಹಿಡಿಯುವುದು ಬೇರೆ, ತಡೆಯುವುದು ಬೇರೆ. ತಡೆಯುವುದನ್ನು ಅಳೆಯಲು ನ್ಯೂಟ್ರಲೈಸೇಶನ್ ಪರೀಕ್ಷೆ ಬೇಕು, ಅದು ಹೆಚ್ಚಾಗಿ ಸಂಶೋಧನೆಯವರ ಕೆಲಸ.

ಲಸಿಕೆಯ ಮೇಲೆ ಸೋಂಕೂ ಆದವರಲ್ಲಿ ಇನ್ನೊಂದು ತಮಾಷೆ ಇದೆ. ಹೊಸ ತಳಿ ಬಂದಾಗ ಮೊದಲು ಏಳುವುದು ಹಳೆಯ ಸ್ಪೈಕನ್ನು ನೆನಪಿಟ್ಟುಕೊಂಡಿರುವ ಮೆಮೊರಿ ಬಿ ಕೋಶಗಳು, ಅಂದರೆ ಆಂಟಿಬಾಡಿ ತಯಾರಿಗೆ ಕಾರಣವಾಗುವ ರಕ್ಷಣಾ ಕೋಶಗಳು. ಅದಕ್ಕೇ ಆಂಟಿಬಾಡಿ ಬೇಗ ಏರುತ್ತದೆ, ಆದರೆ ಅದರಲ್ಲಿ ಹೆಚ್ಚಿನದು ಎರಡೂ ತಳಿಗೆ ಸಮಾನವಾದ ಭಾಗಗಳಿಗೆ ಅಂಟುವಂಥದ್ದು. ಮುಂದಿನ ತಿಂಗಳುಗಳಲ್ಲಿ ಈ ಕೋಶಗಳು ಒಳಗೊಳಗೇ ತಿದ್ದಿಕೊಳ್ಳುತ್ತಾ ಇನ್ನೂ ಗಟ್ಟಿಯಾಗಿ, ಜಾಸ್ತಿ ತಳಿಗಳನ್ನು ಹಿಡಿಯಲು ಕಲಿಯುತ್ತವೆ. ಹಾಗಂತ ಬೇಕಂತಲೇ ಸೋಂಕು ತಗುಲಿಸಿಕೊಳ್ಳಬೇಡಿ, ಆ ಪಾಠದ ಫೀಸು ಎಷ್ಟಾಗುತ್ತದೋ ಮೊದಲೇ ಗೊತ್ತಾಗುವುದಿಲ್ಲ.

ರಿಪೋರ್ಟಿನಲ್ಲಿ ಟಿ ಕೋಶಗಳ (ಸೋಂಕು ತಗುಲಿದ ಕೋಶಗಳನ್ನು ಗುರುತಿಸಿ ಹೋರಾಡುವ ಇನ್ನೊಂದು ಬಗೆಯ ರಕ್ಷಣಾ ಕೋಶಗಳು) ಸುದ್ದಿಯೇ ಇರುವುದಿಲ್ಲ. ಅವು ವೈರಸ್ಸಿನ ಹತ್ತಾರು ಚೂರುಗಳನ್ನು ಗುರುತಿಸುತ್ತವೆ, ನಾಲ್ಕು ಚೂರು ಬದಲಾದರೂ ಉಳಿದವು ಸಿಗುತ್ತವೆ. ಒಮಿಕ್ರಾನ್ ಕಾಲದಲ್ಲಿ ಲಸಿಕೆ ಪಡೆದವರಿಗೂ ಸೋಂಕು ಬಂದರೂ ತೀವ್ರ ಕಾಯಿಲೆ ಕಡಿಮೆ ಇದ್ದುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಬೂಸ್ಟರ್ ಬೇಕೋ ಬೇಡವೋ? ವಯಸ್ಸು, ಬೇರೆ ಕಾಯಿಲೆ, ಕೊನೆಯ ಡೋಸ್ ಅಥವಾ ಸೋಂಕು ಆಗಿ ಎಷ್ಟು ತಿಂಗಳಾಯಿತು, ಇವನ್ನು ಡಾಕ್ಟರಿಗೆ ಹೇಳಿ ಕೇಳಿ. ಅಂಗಾಂಗ ಕಸಿಯಾದವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಇದನ್ನು ತಪ್ಪದೆ ಕೇಳಬೇಕು, ಅವರಲ್ಲಿ ಲಸಿಕೆಗೆ ಆಂಟಿಬಾಡಿ ಸರಿಯಾಗಿ ಹುಟ್ಟದೆಯೂ ಇರಬಹುದು. ಇನ್ನು ಇವತ್ತು ಜ್ವರ, ಕೆಮ್ಮು ಇದೆ ಅಂತ ಈ ಪರೀಕ್ಷೆ ಮಾಡಿಸಲು ಹೊರಟಿದ್ದರೆ ನಿಲ್ಲಿ, ಅದಕ್ಕೆ ಬೇಕಾದ್ದು ಮೂಗಿನ ಸ್ವಾಬ್.