ಕೋಬಾಲ್ ಪ್ರೋಗ್ರಾಂ ಎಡವಿದರೆ ಸದ್ದು ಮಾಡಿಯೇ ಎಡವಲಿ

ಯಾರೋ ಕೋಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿಟ್ಟು ಹೋದ ಹಳೆಯ ಪ್ರೋಗ್ರಾಂ ಕೊಟ್ಟು "ಇನ್ಮೇಲೆ ಇದು ನಿಂದು" ಅಂದರೆ ನಾನು ಮೊದಲು ಲಾಜಿಕ್ ಓದಲು ಕೂರುವುದಿಲ್ಲ. ಪ್ರೋಗ್ರಾಂ ಬಳಸುವ ಫೈಲನ್ನು ಹೆಸರಿಸುವ ಸೆಲೆಕ್ಟ್ ಸಾಲಿನಲ್ಲಿ ಫೈಲ್ ಸ್ಟೇಟಸ್ (ಪ್ರತಿ ಫೈಲ್ ಕೆಲಸದ ಫಲಿತಾಂಶವನ್ನು ಎರಡಂಕಿಯ ಕೋಡಾಗಿ ಒಂದು ವೇರಿಯೇಬಲ್‌ಗೆ ತುಂಬುವ ಸೂಚನೆ) ಇದೆಯಾ ನೋಡುತ್ತೇನೆ. ಇದ್ದರೆ ಆ ವೇರಿಯೇಬಲ್ ಹೆಸರು ಹಾಕಿ ಇಡೀ ಪ್ರೋಗ್ರಾಂ ಹುಡುಕುತ್ತೇನೆ. ಎಷ್ಟೋ ಸಲ ಎರಡೇ ಕಡೆ ಸಿಗುತ್ತದೆ, ಸೆಲೆಕ್ಟ್‌ನಲ್ಲಿ ಒಮ್ಮೆ, ವೇರಿಯೇಬಲ್‌ಗಳನ್ನು ಘೋಷಿಸುವ ವರ್ಕಿಂಗ್ ಸ್ಟೋರೇಜ್‌ನಲ್ಲಿ ಒಮ್ಮೆ. ಅಂದರೆ ಚೆಕ್ ಮಾಡಿದವರೇ ಇಲ್ಲ.

ಇದು ಫೈಲ್ ಸ್ಟೇಟಸ್ ಬರೆಯದೇ ಇರುವುದಕ್ಕಿಂತ ಕೆಟ್ಟದ್ದು. ಐಬಿಎಂ ಮೇನ್‌ಫ್ರೇಮ್‌ನಲ್ಲಿ ಆ ಸಾಲೂ ಇಲ್ಲ, ಡಿಕ್ಲರೇಟಿವ್ಸೂ (ಫೈಲ್ ಕೆಲಸ ತಪ್ಪಿದಾಗ ತಾನಾಗಿ ಓಡುವ ಕೋಡ್) ಇಲ್ಲ ಅಂದರೆ, ಫೈಲ್ ಓಪನ್ ಆಗದಿದ್ದಾಗ ಪ್ರೋಗ್ರಾಂ ಓಡಿಸುವ ರನ್‌ಟೈಮೇ ಅದನ್ನು ನಿಲ್ಲಿಸುತ್ತದೆ. ನೀವು ಆ ಸಾಲು ಬರೆದ ತಕ್ಷಣ "ಸರಿ, ನೀನೇ ನೋಡ್ಕೋ" ಅಂತ ಅದು ಕೈತೊಳೆದುಕೊಂಡು ಮುಂದಿನ ಸಾಲಿಗೆ ಹೋಗುತ್ತದೆ. ನನಗೇ ಆಗಿದೆ: ರಾತ್ರಿ ಬ್ಯಾಚ್‌ನಲ್ಲಿ ಇಂಡೆಕ್ಸ್ಡ್ (ಕೀ ಮೂಲಕ ರೆಕಾರ್ಡ್ ಹುಡುಕುವ) ಫೈಲಿಗೆ ಬರೆಯುವಾಗ ಒಂದಷ್ಟು ರೆಕಾರ್ಡ್‌ಗಳಿಗೆ 22 ಬಂದಿತ್ತು, ಅಂದರೆ ಆ ಕೀ ಆಗಲೇ ಇದೆ ಅಂತ, ಆದರೆ ಯಾರೂ ಕೇಳಲಿಲ್ಲ, ಜಾಬ್ ಸೊನ್ನೆ ರಿಟರ್ನ್ ಕೋಡ್ (ಎಲ್ಲ ಸರಿ ಅಂತ) ಕೊಟ್ಟು ಆರಾಮಾಗಿ ಮುಗಿಯಿತು, ಎರಡು ದಿನ ಆದಮೇಲೆ ಮೊತ್ತ ತಾಳೆಯಾಗಲಿಲ್ಲ.

ಹಾಗಾಗಿ ಪ್ರತಿ ಓಪನ್, ರೀಡ್, ರೈಟ್, ರೀರೈಟ್ ಆದಮೇಲೂ ಸ್ಟೇಟಸ್ ನೋಡಿ. ಕ್ಲೋಸ್ ಕೂಡ. ನೋಡುವಾಗ '00' ಅನ್ನುವ ಅಂಕಿಯನ್ನು ಇಫ್‌ನಲ್ಲಿ ನೇರ ಬರೆಯಬೇಡಿ, 88 ಲೆವೆಲ್ ಹೆಸರು (ವೇರಿಯೇಬಲ್‌ನ ನಿರ್ದಿಷ್ಟ ಬೆಲೆಗಳಿಗೆ ಇಡುವ ಹೆಸರು) ಕೊಡಿ. ಓಪನ್‌ಗೆ ಒಂದು, ರೀಡ್‌ಗೆ ಇನ್ನೊಂದು, ಯಾಕೆಂದರೆ ಎರಡಕ್ಕೂ "ಸರಿ" ಅನ್ನುವುದರ ಅರ್ಥ ಬೇರೆ. ರೀಡ್‌ನಲ್ಲಿ 10 ಬಂದರೆ ಫೈಲ್ ಮುಗಿಯಿತು ಅಷ್ಟೇ, ಅದು ತಪ್ಪಲ್ಲ. ಹಿಂದಿನ ಸಲ ಸರಿಯಾಗಿ ಕ್ಲೋಸ್ ಆಗದ ವಿಸ್ಯಾಮ್ (ಮೇನ್‌ಫ್ರೇಮ್‌ನ ಒಂದು ಫೈಲ್ ವ್ಯವಸ್ಥೆ) ಫೈಲ್ ಓಪನ್ ಮಾಡಿದರೆ 97 ಬರಬಹುದು, ಫೈಲ್ ತೆರೆದಿದೆ ಎಂದೇ ಅದರ ಅರ್ಥ. '00' ಒಂದನ್ನೇ ಒಪ್ಪುವ ಪ್ರೋಗ್ರಾಂ ಇಲ್ಲಿ ಸುಮ್ನೆ ಬಿದ್ದು ರಾತ್ರಿ ಮೂರಕ್ಕೆ ನಿಮ್ಮ ಫೋನ್ ಬಾರಿಸುತ್ತದೆ.

ಸರಿಯಿಲ್ಲ ಅಂತ ಗೊತ್ತಾದ ಮೇಲೆ ಹೋಗಬೇಕಾದ ಪ್ಯಾರಾಗ್ರಾಫ್ ಒಂದೇ ಇರಲಿ. ಅಲ್ಲಿ ಫೈಲ್ ಹೆಸರು, ಮಾಡುತ್ತಿದ್ದ ಕೆಲಸ, ಸ್ಟೇಟಸ್, ಆಗ ಕೈಯಲ್ಲಿದ್ದ ಕೀ, ನಾಲ್ಕನ್ನೂ ಡಿಸ್‌ಪ್ಲೇ ಮಾಡಿ. "ಫೈಲ್ ಎರರ್" ಅಂತಷ್ಟೇ ಬರೆದರೆ ಅದನ್ನು ಓದುವವನು ನಿಮ್ಮನ್ನು ಬೈದುಕೊಳ್ಳುತ್ತಾನೆ. ಆಮೇಲೆ ರಿಟರ್ನ್ ಕೋಡ್‌ಗೆ 16 ಹಾಕಿ ನಿಲ್ಲಿಸಿ. ಜಾಬ್‌ನ ಸ್ಟೆಪ್‌ಗಳನ್ನು ಬರೆದಿಡುವ ಜೆಸಿಎಲ್‌ನಲ್ಲಿ ಆ ಕೋಡನ್ನು ಯಾರಾದರೂ ನೋಡುತ್ತಾರಾ ಅಂತಲೂ ಖಾತ್ರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಮುಂದಿನ ಸ್ಟೆಪ್ ಏನೂ ಆಗದಂತೆ ಓಡುತ್ತದೆ.

ಡಿಬಿ2 (ಐಬಿಎಂ ಡೇಟಾಬೇಸ್) ಇದ್ದರೆ ಇನ್ನೊಂದು ಗುಂಡಿ ಇದೆ. ಬ್ಯಾಚ್‌ನಲ್ಲಿ 16 ಹಾಕಿ ಗೋಬ್ಯಾಕ್ ಮಾಡಿ ಹೊರಬರುವುದು ಡಿಬಿ2 ಕಣ್ಣಿಗೆ ಸಹಜವಾಗಿ ಮುಗಿದ ಪ್ರೋಗ್ರಾಂ. ಅದು ಅರ್ಧಂಬರ್ಧ ಆದ ಬದಲಾವಣೆಯನ್ನೇ ಕಮಿಟ್ (ಕಾಯಂ) ಮಾಡಿಬಿಡುತ್ತದೆ. ಮೊದಲು ನೀವೇ ರೋಲ್‌ಬ್ಯಾಕ್ ಕೊಟ್ಟು ಬದಲಾವಣೆ ರದ್ದು ಮಾಡಿ, ಆಮೇಲೆ ಹೊರಗೆ ಬನ್ನಿ. ಡಿಬಿ2 ಕೊಡುವ ಫಲಿತಾಂಶದ ಕೋಡ್, ಎಸ್‌ಕ್ಯೂಎಲ್‌ಕೋಡ್, +100 ಅಂದರೆ ಸಾಲು ಸಿಗಲಿಲ್ಲ, ಮೈನಸ್ ಅಂದರೆ ತಪ್ಪು. ಲಾಕ್‌ಗಾಗಿ ಜಗಳವಾದಾಗ (ಡೆಡ್‌ಲಾಕ್ ಅಥವಾ ಟೈಮ್‌ಔಟ್) -911 ಬಂದರೆ ಡಿಬಿ2 ಆಗಲೇ ರೋಲ್‌ಬ್ಯಾಕ್ ಮಾಡಿರುತ್ತದೆ, -913ರಲ್ಲಿ ಮಾಡಿರುವುದಿಲ್ಲ. ಎರಡಕ್ಕೂ ಒಂದೇ ಮದ್ದು ಕೊಟ್ಟವರು ಜಾಸ್ತಿ.

ಲೆಕ್ಕದಲ್ಲೂ ಇದೇ ಕಥೆ. ಮೂರಂಕಿಯ ಫೀಲ್ಡ್‌ನಲ್ಲಿ 999 ಇದೆ, 1 ಕೂಡಿಸಿದಿರಿ, 000 ಆಯಿತು, ಯಾರೂ ಚಕಾರ ಎತ್ತುವುದಿಲ್ಲ. ದುಡ್ಡಿನ ಲೆಕ್ಕ ಇರುವ ಕಡೆ, ಉತ್ತರ ಫೀಲ್ಡ್‌ನಲ್ಲಿ ಹಿಡಿಸದಿದ್ದಾಗ ತಿಳಿಸುವ ಆನ್ ಸೈಜ್ ಎರರ್ ಬರೆಯಿರಿ. ಬೆಲೆ ನಕಲು ಮಾಡುವ ಮೂವ್‌ಗೆ ಆ ಸೌಲಭ್ಯ ಇಲ್ಲ, ಅಲ್ಲಿ ಎಡಗಡೆಯ ಅಂಕಿಗಳು ಸದ್ದಿಲ್ಲದೆ ಉದುರುತ್ತವೆ. ಇದರ ಮುಂದೆ ಎಲ್ಲರೂ ಬೈಯುವ ಸಾಕ್ ಸೆವೆನ್ (S0C7, ಅಂಕಿಯಲ್ಲದ್ದನ್ನು ಲೆಕ್ಕಕ್ಕೆ ಹಾಕಿದಾಗ ಪ್ರೋಗ್ರಾಂ ಬೀಳುವ ದೋಷ) ಎಷ್ಟೋ ವಾಸಿ ಅಲ್ವಾ? ಕಾಂಪ್-3 (ಅಂಕಿಗಳನ್ನು ಒತ್ತಾಗಿ ಇಡುವ) ಫೀಲ್ಡ್‌ನಲ್ಲಿ ಸ್ಪೇಸ್ ತುಂಬಿಕೊಂಡಿದ್ದು ಅದರಲ್ಲಿ ಲೆಕ್ಕ ಮಾಡಲು ಹೋದಿರಿ ಅಂದರೆ ಪ್ರೋಗ್ರಾಂ ಅಲ್ಲೇ ಬೀಳುತ್ತದೆ, ಗೊತ್ತಾಗುತ್ತದೆ. ಹೊರಗಿನಿಂದ ಬಂದ ಫೈಲಾದರೆ ಲೆಕ್ಕಕ್ಕೆ ಮೊದಲು ಇಫ್ ನ್ಯೂಮರಿಕ್ ಹಾಕಿ.

ಇನ್ನು ಸ್ಟೈಲ್. ಅಕ್ಷರ ದೊಡ್ಡದಾ ಚಿಕ್ಕದಾ ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ. ಆದರೆ ಫುಲ್‌ಸ್ಟಾಪ್ ವಿಷಯದಲ್ಲಿ ಬಿಡುವುದಿಲ್ಲ. 1985ರ ಸ್ಟ್ಯಾಂಡರ್ಡ್‌ನಲ್ಲಿ ಎಂಡ್-ಇಫ್ ಬಂತು, ಆದರೂ ಚುಕ್ಕಿ ಇಟ್ಟು ಇಫ್ ಮುಗಿಸುವ ಕೋಡ್ ಇವತ್ತಿಗೂ ಓಡುತ್ತಿದೆ. ಅಂಥ ಇಫ್ ಒಳಗೆ ನೀವು ಹೊಸ ಸಾಲು ಸೇರಿಸಿ ಅಭ್ಯಾಸಬಲದಿಂದ ಒಂದು ಚುಕ್ಕಿ ಇಟ್ಟರೆ ಎಲ್ಲ ಇಫ್‌ಗಳೂ ಅಲ್ಲೇ ಮುಗಿದವು, ಕೆಳಗಿನ ಸಾಲುಗಳು ಷರತ್ತಿಲ್ಲದೆ ಓಡುತ್ತವೆ, ನಿಮ್ಮ ಎರರ್ ಚೆಕ್ ಕೂಡ ಆ ಗಲಾಟೆಯಲ್ಲಿ ಹೋಯಿತು. ಪ್ಯಾರಾಗ್ರಾಫಿಗೆ ಕೊನೆಯಲ್ಲಿ ಒಂದೇ ಚುಕ್ಕಿ, ಅದೂ ಬೇರೆಯದೇ ಸಾಲಿನಲ್ಲಿ. ನೆಕ್ಸ್ಟ್ ಸೆಂಟೆನ್ಸ್ ಕಂಡರೆ ಹುಷಾರು: ಅದು ಎಂಡ್-ಇಫ್ ನೋಡುವುದಿಲ್ಲ, ಮುಂದಿನ ಚುಕ್ಕಿ ದಾಟಿ ಹಾರುತ್ತದೆ. ನಿಮಗೆ ಬೇಕಾದದ್ದು ಸಾಮಾನ್ಯವಾಗಿ ಏನೂ ಮಾಡದ ಕಂಟಿನ್ಯೂ.

ಹಾಗಂತ ಒಂದು ಬಗ್ ಸರಿಮಾಡಲು ಹೋಗಿ ಇಡೀ ಪ್ರೋಗ್ರಾಂನ ಚುಕ್ಕಿ ತೆಗೆಯಬೇಡಿ. ನಿಜವಾಗಿ ಏನು ಬದಲಾಯಿತು ಅಂತ ರಿವ್ಯೂ ಮಾಡುವವರಿಗೆ ಕಾಣುವುದೇ ಇಲ್ಲ. ಮುಟ್ಟಿದ ಪ್ಯಾರಾಗ್ರಾಫ್ ಅಷ್ಟೇ ಸರಿಮಾಡಿ.

ಎಲ್ಲ ಬರೆದಾದ ಮೇಲೆ ಟೆಸ್ಟ್ ಜಾಬ್‌ನಲ್ಲಿ ವಿಸ್ಯಾಮ್ ಅಲ್ಲದ, ಸಾಮಾನ್ಯ ಸೀಕ್ವೆನ್ಷಿಯಲ್ ಇನ್‌ಪುಟ್ ಫೈಲಿನ ಡಿಡಿ ಸಾಲನ್ನು (ಆ ಫೈಲ್ ಯಾವುದು ಅಂತ ಜೆಸಿಎಲ್‌ನಲ್ಲಿ ಹೇಳುವ ಸಾಲು) ಬೇಕಂತಲೇ ತೆಗೆದು ಓಡಿಸಿ. ಫೈಲ್ ಹೆಸರಿನ ಪಕ್ಕ 35 (ಫೈಲೇ ಇಲ್ಲ ಅಂತ), ಕೊನೆಗೆ 16 ಬರಬೇಕು. ಸೊನ್ನೆ ಬಂತಾ? ಆ ಸ್ಟೇಟಸ್ ವೇರಿಯೇಬಲ್ ಹೆಸರು ಹಾಕಿ ಇನ್ನೊಂದು ಸಲ ಹುಡುಕಿ.