ಹೊಗೆ ನೋಡಿ ಹದ ಹಿಡಿದಿದ್ದು: ನನ್ನ ನೈಟ್ರೋ ಬಗ್ಗಿಯ ಅನುಭವ

ನನ್ನ ಬಗ್ಗಿ ಅಂದರೆ ರಿಮೋಟಿನಲ್ಲಿ ಓಡಿಸುವ ಪುಟ್ಟ ಕಾರು, ಓಡೋದು ನೈಟ್ರೋಮೀಥೇನ್ ಬೆರೆತ ಇಂಧನದಲ್ಲಿ. ಅದರ ಮೊದಲ ಎಂಜಿನ್ ಸತ್ತಿದ್ದು ಒಂದು ಭಾನುವಾರ ಬೆಳಿಗ್ಗೆ, ಮೈಸೂರಿನ ಬೋಗಾದಿ ಆಚೆಯ ಖಾಲಿ ಲೇಔಟ್‌ನಲ್ಲಿ. ಸಾಯೋಕೆ ಮುಂಚಿನ ಎರಡು ನಿಮಿಷ ಅದು ಓಡಿದ ಹಾಗೆ ಯಾವತ್ತೂ ಓಡಿರಲಿಲ್ಲ. ಹಿಂದೆ ಒಂದು ಚೂರೂ ಹೊಗೆ ಇಲ್ಲ. ಸದ್ದು ಸೀಳುವ ಹಾಗೆ. ನಾನು ರಿಮೋಟ್ ಹಿಡಿದು ಕುಣಿಯೋದೊಂದೇ ಬಾಕಿ. ಆಮೇಲೆ ಲೇಔಟ್‌ನ ಆ ತುದಿಯಲ್ಲಿ ಒಮ್ಮೆಲೇ ಸದ್ದು ನಿಂತಿತು. ಹೋಗಿ ನೋಡಿದರೆ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಮುಟ್ಟೋಕಾಗದಷ್ಟು ಸುಡುತ್ತಿತ್ತು. ಆರಿದ ಮೇಲೆ ಫ್ಲೈವೀಲ್ ತಿರುಗಿಸಿದೆ. ಮೇಲೆ ಬರುವಾಗ ಇರಬೇಕಾದ ಬಿಗಿಯೇ ಇಲ್ಲ, ಬೆರಳಲ್ಲೇ ಸಲೀಸಾಗಿ ಸುತ್ತುತ್ತೆ. ಕಂಪ್ರೆಷನ್ ಹೋಗಿತ್ತು.

ತಪ್ಪು ನನ್ನದೇ. ಅರ್ಧ ಪಾಲು ನಮ್ಮ ಮಾವಂದು ಅಂತ ಮನೆಯಲ್ಲಿ ತಮಾಷೆ ಮಾಡ್ತೀವಿ.

ಮಾವ ಅಂದರೆ ಅಮ್ಮನ ಅಣ್ಣ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಇದ್ದವರು. 1996ರಲ್ಲಿ ಅದು ಮುಚ್ಚುವ ತನಕ ಯೆಜ್ಡಿ ಬೈಕಿನ ಎಂಜಿನ್‌ಗಳ ನಡುವೆಯೇ ಬದುಕಿದವರು. ಟೂ ಸ್ಟ್ರೋಕ್ ಅಂದರೆ ಅವರಿಗೆ ಮನೆ ಮಗು ಇದ್ದ ಹಾಗೆ. ಬೆಂಗಳೂರಿನಲ್ಲಿ ಒಬ್ಬರಿಂದ ನಾನು ಸೆಕೆಂಡ್ ಹ್ಯಾಂಡ್ ಬಗ್ಗಿ ತಂದಾಗ ಮೊದಲು ತೋರಿಸಿದ್ದು ಅವರಿಗೇ. 1/8 ಸ್ಕೇಲ್, 3.5 ಸಿಸಿ ಎಂಜಿನ್, 125 ಸಿಸಿ ಟ್ಯಾಂಕ್. ಅಂಗೈಯಲ್ಲಿ ಕೂರುವ ಆ ಎಂಜಿನ್ ನಿಮಿಷಕ್ಕೆ 30,000 ಸುತ್ತು ದಾಟುತ್ತೆ ಅಂದೆ. ಮಾವ ನಂಬಲಿಲ್ಲ. ಯೆಜ್ಡಿ 5,000 ಸುತ್ತಿಗೇ ಏದುಸಿರು ಬಿಡುತ್ತೆ, ಅಲ್ವಾ?

"ಮ್ಯಾಗ್ನೆಟ್ ಎಲ್ಲೋ? ಕರೆಂಟ್ ಎಲ್ಲಿಂದ ಬರುತ್ತೆ?" ಅಂತ ಕೇಳಿದರು. ಕರೆಂಟೇ ಇಲ್ಲ ಮಾವ ಅಂದೆ. ಗ್ಲೋ ಪ್ಲಗ್ ಒಳಗೆ ಪ್ಲಾಟಿನಂ ಬೆರೆತ ಸಣ್ಣ ತಂತಿ ಸುರುಳಿ ಇರುತ್ತೆ. ಸ್ಟಾರ್ಟ್ ಮಾಡುವಾಗ ಮಾತ್ರ ಒಂದೂವರೆ ವೋಲ್ಟ್ ಕೊಟ್ಟು ಕೆಂಪಗೆ ಮಾಡ್ತೀವಿ. ಎಂಜಿನ್ ಹಿಡಿದುಕೊಂಡ ಮೇಲೆ ಬ್ಯಾಟರಿ ತೆಗೆದರೂ ತಂತಿ ಆರಲ್ಲ. ಇಂಧನದಲ್ಲಿರುವ ಮೆಥನಾಲ್ ಪ್ಲಾಟಿನಂ ಜೊತೆ ಸೇರಿ, ಸಿಲಿಂಡರಿನ ಬಿಸಿಯೂ ಕೂಡಿ, ಅದು ಹಾಗೇ ಉರೀತಾ ಇರುತ್ತೆ. ಮಾವ ಪ್ಲಗ್ಗನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

ಎಡವಟ್ಟಾಗಿದ್ದು ಇಲ್ಲಿಂದ ಮುಂದೆ. ಎಂಜಿನ್ ಓಡುವಾಗ ಹಿಂದೆ ನೀಲಿ ಹೊಗೆ ಬರ್ತಿತ್ತು. ಯೆಜ್ಡಿ ಕಣ್ಣಿಗೆ ಅದು ರೋಗ. "ಎಣ್ಣೆ ಜಾಸ್ತಿ ಕುಡೀತಿದೆ, ನೀಡಲ್ ಟೈಟ್ ಮಾಡು" ಅಂದರು. ನೀಡಲ್ ಅಂದರೆ ಕಾರ್ಬ್ಯುರೇಟರಿನಲ್ಲಿ ಎಷ್ಟು ಇಂಧನ ಹೋಗಬೇಕು ಅನ್ನೋದನ್ನ ಹೆಚ್ಚುಕಮ್ಮಿ ಮಾಡುವ ಸ್ಕ್ರೂ. ಟೈಟ್ ಮಾಡಿದೆ. ಟೈಟ್ ಮಾಡಿದಷ್ಟೂ ವೇಗ ಹೆಚ್ಚಿತು. ಹೊಗೆ ನಿಂತೇ ಹೋಯಿತು. ಇಬ್ಬರಿಗೂ ಖುಷಿ. ಎರಡು ನಿಮಿಷದ ಖುಷಿ.

ಆಗ ನಮಗೆ ಗೊತ್ತಿಲ್ಲದ ವಿಷಯ ಇಷ್ಟೇ. ಈ ಎಂಜಿನ್ನಿಗೆ ಬೇರೆ ಕಡೆಯಿಂದ ಎಣ್ಣೆ ಹೋಗಲ್ಲ, ಇಂಧನದಲ್ಲಿ ಬೆರೆತು ಬಂದಿದ್ದೇ ಎಣ್ಣೆ. ನೀಡಲ್ ಮುಚ್ಚಿದರೆ ಇಂಧನ ಕಮ್ಮಿ, ಎಣ್ಣೆಯೂ ಕಮ್ಮಿ, ತಂಪೂ ಕಮ್ಮಿ. ಮೂರೂ ಒಟ್ಟಿಗೆ. ಯೆಜ್ಡಿಯಲ್ಲೂ ಎಣ್ಣೆ ಪೆಟ್ರೋಲಿನಲ್ಲೇ ಬೆರೆಸ್ತಾರೆ ನಿಜ. ಆದರೆ ಅಲ್ಲಿ ಸೇರೋದು ಸ್ವಲ್ಪ. ಇಲ್ಲಿ ನೂರರಲ್ಲಿ ಹತ್ತು ಪಾಲಿನ ಆಸುಪಾಸು ಎಣ್ಣೆಯೇ. ಮಿಕ್ಕಿದ್ದು ಮೆಥನಾಲ್ ಮತ್ತು ನೈಟ್ರೋಮೀಥೇನ್. ನಾನು ಹಾಕೋದು 25% ನೈಟ್ರೋ ಇರೋದು. ಈ ನೈಟ್ರೋ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡು ಬರುತ್ತೆ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಕೆಜಿ ಗಾಳಿ ಬೇಕು. ಮೆಥನಾಲ್‌ಗೆ 6.4, ನೈಟ್ರೋಮೀಥೇನ್‌ಗೆ ಬರೀ 1.7. ಅದಕ್ಕೇ ಇಷ್ಟು ಚಿಕ್ಕ ಎಂಜಿನ್ ಅಷ್ಟು ಇಂಧನ ಕುಡಿಯೋದು. ಒಂದು ಟ್ಯಾಂಕ್ ಎಂಟು ನಿಮಿಷಕ್ಕೆ ಖಾಲಿ. ಹಿಂದೆ ಹೊಗೆ ಕಾಣ್ತಿದೆ ಅಂದರೆ ಎಣ್ಣೆ ಹೋಗ್ತಿದೆ ಅಂತ ಅರ್ಥ. ಕಾಣದಿದ್ದರೆ ತಕ್ಷಣ ಥ್ರಾಟಲ್ ಬಿಡಿ.

ಹೊಸ ಎಂಜಿನ್ನಿಗೆ ದುಡ್ಡು ಕೂಡಿಸೋಕೆ ಎಂಟು ತಿಂಗಳು ಹಿಡಿಯಿತು. ಈ ಸಲ ರನ್ನಿಂಗ್ ಇನ್, ಅಂದರೆ ಹೊಸ ಎಂಜಿನ್ನನ್ನು ಪಳಗಿಸೋದು, ಸರಿಯಾಗಿ ಮಾಡಿದೆ.

ಇದರ ಸ್ಲೀವ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ, ಮೇಲೆ ಹೋದ ಹಾಗೆ ಕೂದಲೆಳೆಯಷ್ಟು ಕಿರಿದಾಗುತ್ತೆ. ತಣ್ಣಗಿದ್ದಾಗ ಪಿಸ್ಟನ್ ಮೇಲ್ತುದಿಯಲ್ಲಿ ಕಚ್ಚಿಕೊಳ್ಳುತ್ತೆ. ಬಿಸಿಯಾದಾಗ ಹಿತ್ತಾಳೆ ಸ್ಲೀವ್ ಪಿಸ್ಟನ್‌ಗಿಂತ ಜಾಸ್ತಿ ಹಿಗ್ಗಿ ಸರಿಯಾದ ಅಳತೆಗೆ ಬರುತ್ತೆ. ಹಾಗಾಗಿ ಹೊಸ ಎಂಜಿನ್ನನ್ನು ತಣ್ಣಗೆ ಓಡಿಸಿದರೆ ಪ್ರತಿ ಸುತ್ತಿಗೂ ಪಿಸ್ಟನ್ ಸವೆಯುತ್ತೆ. "ಹೊಸದು, ಸುಮ್ನೆ ರಿಚ್ ಮಾಡಿ ತಂಪಾಗಿ ಓಡಿಸು" ಅನ್ನೋ ಸಲಹೆ ತುಂಬಾ ಕಡೆ ಸಿಗುತ್ತೆ. ರಿಚ್ ಅಂದರೆ ಗಾಳಿಗೆ ಇಂಧನ ಜಾಸ್ತಿ, ಲೀನ್ ಅಂದರೆ ಕಮ್ಮಿ. ನಾನಂತೂ ಒಪ್ಪಲ್ಲ. ರಿಚ್ ಇರಲಿ, ಬಿಸಿಯೂ ಇರಲಿ. ಡಿಸೆಂಬರ್ ಚಳಿಯಲ್ಲಿ ನಾನು ಮಾಡಿದ್ದು: ಹೆಂಡತಿಯ ಹೇರ್ ಡ್ರೈಯರ್ ಹಿಡಿದು ಹೆಡ್ ಚೆನ್ನಾಗಿ ಬಿಸಿ ಮಾಡಿದೆ, ಚಪಾತಿ ಸುತ್ತುವ ಫಾಯಿಲ್ ಅನ್ನು ಹೆಡ್ಡಿಗೆ ಸುತ್ತಿದೆ, ಆಮೇಲೆ ಸ್ಟಾರ್ಟರ್ ಬಾಕ್ಸ್ ಮೇಲೆ ಇಟ್ಟೆ. ಎರಡು ಮೂರು ನಿಮಿಷ ಓಡಿಸೋದು, ನಿಲ್ಲಿಸೋದು, ಪಿಸ್ಟನ್ ಕೆಳಗೆ ತಂದು ಪೂರ್ತಿ ಆರೋಕೆ ಬಿಡೋದು. ಓಡುವಾಗ ಹೆಡ್ 90 ಡಿಗ್ರಿಗಿಂತ ಕೆಳಗೆ ಇಳಿಯದ ಹಾಗೆ ನೋಡಿಕೊಂಡೆ. ಹೀಗೆ ಐದು ಟ್ಯಾಂಕ್. ಹೇರ್ ಡ್ರೈಯರ್‌ಗೆ ಇವತ್ತಿಗೂ ಇಂಧನದ ಹರಳೆಣ್ಣೆ ವಾಸನೆ ಇದೆ ಅನ್ನೋದು ಮನೆಯವರ ದೂರು.

ಇನ್ನು ನೀಡಲ್ ವಿಷಯ. ಜೋರಾಗಿ ಓಡುವಾಗಿನ ಇಂಧನಕ್ಕೆ ಹೈ ಸ್ಪೀಡ್ ನೀಡಲ್, ನಿಧಾನಕ್ಕೆ ಓಡುವಾಗಿನದಕ್ಕೆ ಲೋ ಸ್ಪೀಡ್ ನೀಡಲ್, ನಿಂತಲ್ಲೇ ಓಡುವ ವೇಗಕ್ಕೆ ಐಡಲ್ ಸ್ಕ್ರೂ. ಈ ಕ್ರಮದಲ್ಲೇ ಮುಟ್ಟಿ. ಬಲಕ್ಕೆ ತಿರುಗಿಸಿದರೆ ಲೀನ್, ಎಡಕ್ಕೆ ರಿಚ್. ಎಂಜಿನ್ ಜೊತೆ ಬಂದ ಹಾಳೆಯಲ್ಲಿರುವ ಸೆಟ್ಟಿಂಗ್‌ನಿಂದ ಶುರು ಮಾಡಿ, ಅದು ರಿಚ್ ಕಡೆಗೇ ಇರುತ್ತೆ. ಎಂಜಿನ್ ಪೂರ್ತಿ ಬಿಸಿಯಾಗುವ ತನಕ ಸ್ಕ್ರೂಡ್ರೈವರ್ ಜೇಬಲ್ಲೇ ಇರಲಿ. ಆಮೇಲೆ ಉದ್ದಕ್ಕೆ ಫುಲ್ ಥ್ರಾಟಲ್ ಕೊಟ್ಟು ಎರಡು ಸಲ ಓಡಿಸಿ. ಗಂಟಲು ಕಟ್ಟಿದ ಹಾಗೆ ಗೊರಗೊರ ಅಂತಾ, ದಟ್ಟ ಹೊಗೆ ಬಿಡ್ತಾ ಹೋದರೆ ರಿಚ್. ಗಡಿಯಾರದ ಮುಳ್ಳು ಒಂದು ಗಂಟೆ ಸರಿದಷ್ಟು ಮಾತ್ರ ಬಲಕ್ಕೆ ತಿರುಗಿಸಿ, ಮತ್ತೆ ಎರಡು ಸಲ ಓಡಿಸಿ. ಸದ್ದು ಬಿಚ್ಚಿಕೊಳ್ಳಬೇಕು, ಹೊಗೆಯ ಗೆರೆ ಮಾತ್ರ ಹಿಂದೆ ಉಳಿಯಬೇಕು. ಉದ್ದದ ಕೊನೆಯಲ್ಲಿ ಸದ್ದು ಬಾಡಿತೋ, ಥ್ರಾಟಲ್ ಬಿಟ್ಟ ಮೇಲೂ ಕೆಳಗೆ ಇಳಿಯದೆ ಕಿರುಚ್ತಾ ಇತ್ತೋ, ಲೀನ್ ಆಗಿದೆ. ಆಗ ಯೋಚನೆ ಮಾಡಬೇಡಿ, ಎಡಕ್ಕೆ ತಿರುಗಿಸಿ.

ಲೋ ಸ್ಪೀಡ್‌ಗೆ ನಾನು ನಂಬೋದು ಪೈಪ್ ಅದುಮಿ ನೋಡೋದನ್ನ. ಐಡಲ್‌ನಲ್ಲಿ ಇರುವಾಗ ಕಾರ್ಬ್ (ಕಾರ್ಬ್ಯುರೇಟರ್) ಹತ್ತಿರ ಇಂಧನದ ಪೈಪ್ ಬೆರಳಲ್ಲಿ ಅದುಮಿ. ಎರಡು ಮೂರು ಸೆಕೆಂಡ್ ಓಡಿ, ಸದ್ದು ಸ್ವಲ್ಪ ಏರಿ, ನಿಂತರೆ ಸರಿ. ಅದುಮಿದ ಕೂಡಲೇ ಸತ್ತರೆ ಲೀನ್. ಐದಾರು ಸೆಕೆಂಡ್ ಎಳೆದಾಡಿದರೆ ರಿಚ್. ಹೈ ಸ್ಪೀಡ್ ನೀಡಲ್ ಮುಟ್ಟಿದರೆ ಕೆಳಗಿನದೂ ಸ್ವಲ್ಪ ಬದಲಾಗುತ್ತೆ, ಹಾಗಾಗಿ ಒಂದು ಸುತ್ತು ಎರಡನ್ನೂ ಮತ್ತೆ ನೋಡಲೇಬೇಕು. ಐಡಲ್ ಸ್ಕ್ರೂ ಕೊನೆಗೆ. ಎಂಜಿನ್ ನಿಂತು ಹೋಗ್ತಿದೆ ಅಂತ ಮೊದಲೇ ಐಡಲ್ ಏರಿಸಿಬಿಟ್ಟರೆ ನೀಡಲ್ ತಪ್ಪು ಅದರ ಕೆಳಗೆ ಮುಚ್ಚಿ ಹೋಗುತ್ತೆ. ನಾನು ಆರು ವಾರ ಹಾಗೇ ಮುಚ್ಚಿಟ್ಟಿದ್ದೆ.

ಇನ್ನೊಂದು. ಟ್ಯಾಂಕ್ ಖಾಲಿಯಾಗ್ತಾ ಬಂದ ಹಾಗೆ ಮಿಶ್ರಣ ಲೀನ್ ಕಡೆ ಜಾರುತ್ತೆ. ತುಂಬಿದ ಟ್ಯಾಂಕಲ್ಲಿ ಹದ ಹಿಡಿದು ಬೀಗಬೇಡಿ. ಅರ್ಧಕ್ಕೆ ಬಂದಾಗ ಇನ್ನೊಮ್ಮೆ ನೋಡಿ.

ಊರಿನ ಗಾಳಿಯೂ ಲೆಕ್ಕಕ್ಕೆ ಬರುತ್ತೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರ. ಗಾಳಿ ತೆಳು, ಇಂಧನ ಕಮ್ಮಿ ಸಾಕು. ಇಲ್ಲಿ ಹದ ಹಿಡಿದ ಬಗ್ಗಿಯನ್ನು ಮಂಗಳೂರಿಗೆ ತಗೊಂಡು ಹೋದರೆ ಅದೇ ನೀಡಲ್ ಅಲ್ಲಿ ಲೀನ್ ಆಗಿಬಿಡುತ್ತೆ. ಒಂದೇ ದಿನದಲ್ಲೂ ಹಾಗೇ. ಬೆಳಿಗ್ಗೆ ಏಳಕ್ಕೆ ಗಾಳಿ ತಣ್ಣಗೆ, ದಪ್ಪ. ಹನ್ನೊಂದಕ್ಕೆ ಬಿಸಿ, ತೆಳು. ಮಧ್ಯಾಹ್ನದ ಸೆಟ್ಟಿಂಗ್ ಇಟ್ಟುಕೊಂಡು ಮಾರನೇ ದಿನ ಚಳಿಯಲ್ಲಿ ಸ್ಟಾರ್ಟ್ ಮಾಡೋದೇ ಅಪಾಯ. ಅದಕ್ಕೆ ಮನೆಗೆ ಹೊರಡುವಾಗ ನೀಡಲನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಎರಡು ಗಂಟೆಯಷ್ಟು ಎಡಕ್ಕೆ ತಿರುಗಿಸಿ, ರಿಚ್ ಮಾಡಿಯೇ ಎತ್ತಿಡ್ತೀನಿ.

ದೂರದಿಂದಲೇ ಬಿಸಿ ಅಳೆಯುವ ಟೆಂಪರೇಚರ್ ಗನ್ ಬಗ್ಗೆ ಹೇಳಲೇಬೇಕು. ಹೆಡ್ 100ರಿಂದ 120 ಡಿಗ್ರಿ ಒಳಗೆ ಇರಬೇಕು ಅನ್ನೋದು ರೂಢಿ. ಆದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ಗನ್ ಸುಳ್ಳು ಹೇಳುತ್ತೆ, ಕಮ್ಮಿ ತೋರಿಸುತ್ತೆ. ಮೇಲಿನಿಂದ ನೇರವಾಗಿ ಪ್ಲಗ್ಗಿನ ಗುಂಡಿಗೆ ಹಿಡೀಬೇಕು, ಪ್ರತಿ ಸಲ ಅಷ್ಟೇ ದೂರದಿಂದ. ಕಳೆದ ವರ್ಷ ಮಂಡ್ಯದ ಹತ್ತಿರ ನಮ್ಮ ಚಿಕ್ಕಪ್ಪನ ಊರಿಗೆ ಹೋಗಿದ್ದೆ. ಕಬ್ಬು ಕಡಿದ ಗದ್ದೆಯಲ್ಲಿ ಬಗ್ಗಿ ಬಿಟ್ಟು, ಆಮೇಲೆ ಗನ್ ಹಿಡಿದುಕೊಂಡೇ ಆಲೆಮನೆಗೆ ಹೋದೆ. ಕೊಪ್ಪರಿಗೆಯಲ್ಲಿ ಪಾಕ ಕುದೀತಿತ್ತು. ಸುಮ್ನೆ ಅದಕ್ಕೂ ಹಿಡಿದೆ. ಆವಿ ಅಡ್ಡ ಬಂದು ಒಂದು ಸಲ 96, ಒಂದು ಸಲ 110. ಪಾಕ ಇಳಿಸುವ ಅಜ್ಜ "ಏನಪ್ಪ ಅದು, ಪಿಸ್ತೂಲಾ?" ಅಂದರು. ಹೇಳಿದೆ. ಅವರು ಒಂದು ತೊಟ್ಟು ಪಾಕ ತೆಗೆದು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ನನ್ನ ಕೈಗೆ ಕೊಟ್ಟರು. "ಇನ್ನೊಂದು ಗಳಿಗೆ" ಅಂದರು. ಮುಂದಿನ ತೊಟ್ಟಿಗೆ ಇಳಿಸಿದರು. ಬಂದ ಮೇಲೆ ನಾನು ಗನ್ ನೋಡುವ ಮೊದಲು ಹೊಗೆ ನೋಡೋದು, ಸದ್ದು ಕೇಳೋದು ಶುರು ಮಾಡಿದೆ. ಗನ್ ಕೊನೆಯಲ್ಲಿ, ಸಾಕ್ಷಿ ಹಾಗೆ.

ಎಷ್ಟು ತಿರುಗಿಸಿದರೂ ಹದ ನಿಲ್ಲದಿದ್ದರೆ ನೀಡಲ್ ಬಿಟ್ಟು ಬೇರೆ ಕಡೆ ನೋಡಬೇಕು. ಎರಡನೇ ಎಂಜಿನ್ ಒಂದು ಹಂತದಲ್ಲಿ ಹೀಗೇ ಕಾಡಿತು. ಐಡಲ್ ಒಮ್ಮೆ ಏರುತ್ತೆ, ಒಮ್ಮೆ ಬೀಳುತ್ತೆ. ಮಾವ ಹತ್ತು ಸೆಕೆಂಡ್ ಕೇಳಿದರು. "ಏರ್ ಎಳೀತಿದೆ ಕಣೋ" ಅಂದರು. ಸೋಪು ನೀರು ತರಿಸಿ, ನಿಂತ ಎಂಜಿನ್ನಿನ ಕಾರ್ಬ್ ಬುಡಕ್ಕೆ ಹಚ್ಚಿ, ಫ್ಲೈವೀಲ್ ಬೆರಳಲ್ಲಿ ಆಡಿಸಿದರು. ಕಾರ್ಬ್ ಕೂರುವ ಜಾಗದಲ್ಲಿ ಸಣ್ಣ ಗುಳ್ಳೆ ಎದ್ದು ಒಡೆಯಿತು. ಸಾಸಿವೆ ಕಾಳಿನಷ್ಟು. ಅಷ್ಟೇ. ಕಾರ್ಬ್ ಬಿಚ್ಚಿ, ಒರೆಸಿ, ಬಿಸಿ ತಡೆಯುವ ಸಿಲಿಕೋನ್ ಹಚ್ಚಿ ಕೂರಿಸಿದೆವು. ನೀಡಲ್ ಮುಟ್ಟದೇನೇ ಎಂಜಿನ್ ತಣ್ಣಗಾಯಿತು. ಮೊದಲ ಎಂಜಿನ್ನಿನ ಲೆಕ್ಕ ಅವತ್ತೇ ಚುಕ್ತಾ ಅಂದರು ಮಾವ.

ಪ್ಲಗ್ ಓದೋದು ಮಾತ್ರ ಅವರಿಗೆ ಇನ್ನೂ ಒಗ್ಗಿಲ್ಲ. ಯೆಜ್ಡಿ ಪ್ಲಗ್ ಕಾಫಿ ಬಣ್ಣಕ್ಕೆ ಬರಬೇಕು. ಗ್ಲೋ ಪ್ಲಗ್ಗಿನಲ್ಲಿ ನೋಡಬೇಕಾದ್ದು ತಂತಿ. ಹೊಸದರ ಹಾಗೆ ಹೊಳೀತಾ ಒದ್ದೆಯಾಗಿದ್ದರೆ ರಿಚ್. ಬೂದು ಬಣ್ಣಕ್ಕೆ ತಿರುಗಿ, ಸುರುಳಿ ಸೊಟ್ಟಗಾಗಿದ್ದರೆ ಲೀನ್.

ಮೊದಲ ಎಂಜಿನ್ ಬಿಚ್ಚಿದಾಗ ಇನ್ನೊಂದು ಗೊತ್ತಾಯಿತು. ಸ್ಲೀವ್ ಒಳಗೆ ಉದ್ದಕ್ಕೆ ಗೀರುಗಳು. ಕೆಂಪು ಧೂಳು. ಏರ್ ಫಿಲ್ಟರ್ ಸ್ಪಂಜಿಗೆ ನಾನು ಎಣ್ಣೆಯೇ ಹಾಕಿರಲಿಲ್ಲ. ಒಣ ಸ್ಪಂಜು ಧೂಳು ಹಿಡಿಯಲ್ಲ, ದಾಟಿಸುತ್ತೆ. ಈಗ ಎಣ್ಣೆ ಹಾಕಿ ಹಿಂಡಿದ ನಾಲ್ಕು ಸ್ಪಂಜು ಜಿಪ್ ಕವರಿನಲ್ಲಿ ತಯಾರಿರುತ್ತೆ. ಗಂಟೆಗೊಂದು ಬದಲಾಯಿಸ್ತೀನಿ. ನಮ್ಮ ಕಡೆಯ ಮಣ್ಣಿಗೆ ಇದು ಜಾಸ್ತಿ ಆಯ್ತು ಅಂತ ಯಾರೂ ಹೇಳಲಾರರು.

ಸುರಕ್ಷತೆ ಬಗ್ಗೆ ಎರಡು ಮಾತು. ಮೊದಲು ರಿಮೋಟ್ ಆನ್, ಆಮೇಲೆ ಬಗ್ಗಿ. ಆಫ್ ಮಾಡುವಾಗ ಉಲ್ಟಾ. ಸಿಗ್ನಲ್ ಹೋದರೆ ಬ್ರೇಕ್ ಹಿಡಿಯುವ ಹಾಗೆ ಫೇಲ್‌ಸೇಫ್ ಸೆಟ್ ಮಾಡಿ, ಟೈರ್ ನೆಲ ಬಿಟ್ಟಿರುವಾಗ ರಿಮೋಟ್ ಆಫ್ ಮಾಡಿ ನೋಡಿ. ಮೂರೂವರೆ ಕೆಜಿ ವಸ್ತು ಕೈತಪ್ಪಿದರೆ ಕಾಲು ಮುರಿಯುತ್ತೆ. ಇನ್ನು ಮೆಥನಾಲ್ ವಿಷ. ಕುಡಿದರೆ ಕಣ್ಣು, ಜೀವ ಎರಡೂ ಹೋಗಬಹುದು, ಚರ್ಮದಿಂದಲೂ ಒಳಗೆ ಇಳಿಯುತ್ತೆ. ಅದರ ಬೆಂಕಿ ಹಗಲಲ್ಲಿ ಕಣ್ಣಿಗೆ ಬೀಳಲ್ಲ. ನಾನು ಕೈಗವಸು ಹಾಕಿಯೇ ತುಂಬಿಸೋದು, ಬಾಟಲಿ ಮೇಲೆ ಕೆಂಪು ಪೇಂಟಲ್ಲಿ ವಿಷ ಅಂತ ಬರೆದಿದ್ದೀನಿ.

ದಿನದ ಕೊನೆಗೆ ಟ್ಯಾಂಕ್ ಖಾಲಿ ಮಾಡಿ, ಪೈಪಲ್ಲಿ ಉಳಿದದ್ದು ಉರಿದು ನಿಲ್ಲುವ ತನಕ ಐಡಲ್‌ನಲ್ಲಿ ಓಡಿಸ್ತೀನಿ. ಮೆಥನಾಲ್ ಗಾಳಿಯ ನೀರನ್ನ ಎಳೆದುಕೊಳ್ಳುತ್ತೆ, ಒಳಗೆ ಉಳಿದರೆ ಬೇರಿಂಗ್ ತುಕ್ಕು ಹಿಡಿಯುತ್ತೆ. ಪ್ಲಗ್ ತೆಗೆದು ತುಕ್ಕು ತಡೆಯುವ ಆಫ್ಟರ್ ರನ್ ಎಣ್ಣೆ ನಾಲ್ಕು ಹನಿ, ಕಾರ್ಬ್ ಬಾಯಿಗೆ ನಾಲ್ಕು ಹನಿ, ಕೈಯಲ್ಲಿ ಹತ್ತು ಸುತ್ತು. ಆಮೇಲೆ ಪಿಸ್ಟನ್ ಕೆಳಗೆ ಬರುವ ಹಾಗೆ ಫ್ಲೈವೀಲ್ ನಿಲ್ಲಿಸ್ತೀನಿ. ಅದರ ಮೇಲೆ ಮಾವ ಬಿಳಿ ಪೇಂಟಿನ ಚುಕ್ಕೆ ಇಟ್ಟುಕೊಟ್ಟಿದ್ದಾರೆ. ಚುಕ್ಕೆ ನೆಲ ನೋಡಬೇಕು. ಅವರು ಮನೆಗೆ ಬಂದಾಗಲೆಲ್ಲ ಕಾಫಿಗೆ ಮೊದಲು ಬಗ್ಗಿ ತಲೆಕೆಳಗು ಮಾಡಿ ಅದನ್ನೇ ನೋಡೋದು.