ಎರಡು ವರ್ಷ ಕರೆಂಟ್ ಕಾರು: ಗೌರಿಬಿದನೂರು ರೋಡಲ್ಲಿ ನನ್ನ ಅನುಭವ

ನಮ್ಮ ಸ್ಟಾಫ್ ರೂಮಲ್ಲಿ ವಾರಕ್ಕೊಬ್ರಾದ್ರೂ ಕೇಳ್ತಾರೆ, ಮೇಡಂ ಕರೆಂಟ್ ಕಾರು ತಗೋಬಹುದಾ ಅಂತ. ಹೂಂ ಅಥವಾ ಬೇಡ ಅಂತ ಒಂದೇ ಮಾತಲ್ಲಿ ಹೇಳಿದ್ರೆ ಅವರಿಗೆ ಮೋಸ ಮಾಡ್ದಂಗೆ ಆಗುತ್ತೆ, ಅದಕ್ಕೇ ಇಲ್ಲಿ ಪೂರ್ತಿ ಬರೀತಿದೀನಿ. ನಮ್ಮನೆ ಚಿಕ್ಕಬಳ್ಳಾಪುರದಲ್ಲಿ, ಕೆಲಸ ಗೌರಿಬಿದನೂರಿನ ಪಿಯು ಕಾಲೇಜಲ್ಲಿ, ಫಿಸಿಕ್ಸ್. ಮಂಚೇನಹಳ್ಳಿ ಮೇಲೆ ಹೋಗಿ ಬಂದ್ರೆ ದಿನಕ್ಕೆ 75 ಕಿ.ಮೀ. ಹತ್ರ ಆಗುತ್ತೆ. ಹಳೇ ಪೆಟ್ರೋಲ್ ಕಾರಲ್ಲಿ ಕ್ಲಚ್ ತುಳಿದೂ ತುಳಿದೂ ಎಡಗಾಲಿನ ಮಂಡಿ ಹೋಗಿತ್ತು, ತಿಂಗಳಿಗೆ 12,000 ರೂಪಾಯಿ ಪೆಟ್ರೋಲಿಗೇ ಹೋಗ್ತಿತ್ತು. ಎರಡು ವರ್ಷದ ಹಿಂದೆ ಹಸಿರು ನಂಬರ್ ಪ್ಲೇಟಿನ ಕರೆಂಟ್ ಕಾರು ಮನೆಗೆ ಬಂತು.

ಮೊದಲನೇ ದಿನಾನೇ ಚಾರ್ಜರ್ ಚುಚ್ಚಿದ್ರೆ ಕೆಂಪು ದೀಪ. ಶೋರೂಮಲ್ಲಿ 15 ಆಂಪ್ ಪ್ಲಗ್ ಇದ್ರೆ ಸಾಕು ಅಂದಿದ್ರು, ಪ್ಲಗ್ ಇತ್ತು, ಆದ್ರೆ ಅದಕ್ಕೆ ಅರ್ತಿಂಗ್, ಅಂದ್ರೆ ಸೋರಿದ ಕರೆಂಟನ್ನ ನೆಲಕ್ಕೆ ಇಳಿಸೋ ವ್ಯವಸ್ಥೆ, ಹೆಸರಿಗೆ ಮಾತ್ರ ಇತ್ತು. ನಮ್ಮ ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ಇಟ್ಟು ನೋಡಿ, "ಮೇಡಂ, ಇಷ್ಟು ವರ್ಷ ಗೀಸರ್ ಹಿಂಗೇ ಓಡಿಸಿದೀರಾ?" ಅಂದ, ಕೇಳಿ ನನಗೆ ಎದೆ ಝಲ್ ಅಂತು. ಹೊಸದಾಗಿ ಗುಂಡಿ ತೋಡಿಸಿ ಇದ್ದಿಲು ಉಪ್ಪು ಹಾಕಿ ಅರ್ತ್ ಪೈಪ್ ಇಳಿಸಿದ್ವಿ, ಕಾರಿಗೆ ಅಂತಾನೇ ಬೇರೆ ಎಂಸಿಬಿ (ಕರೆಂಟು ಮಿತಿ ಮೀರಿದ್ರೆ ತಾನೇ ಬೀಳೋ ಸ್ವಿಚ್ಚು), ಮೀಟರ್ ಬೋರ್ಡಿಂದ ನೇರವಾಗಿ 4 ಸ್ಕ್ವೇರ್ ಎಂಎಂ ವೈರು, ಬೆಸ್ಕಾಂಗೆ ಅರ್ಜಿ ಹಾಕಿ ಲೋಡು 3 ಕಿಲೋವ್ಯಾಟ್‌ನಿಂದ 5ಕ್ಕೆ ಏರಿಸ್ಕೊಂಡ್ವಿ. ಆಮೇಲೆ ಬಂದಿದ್ದು ಬೇಸಿಗೆ. ಏಪ್ರಿಲ್ ತಿಂಗಳಲ್ಲಿ ಮತ್ತೆ ಅದೇ ಕೆಂಪು ದೀಪ, ನಮ್ಮ ಕಡೆ ನೆಲ ಒಣಗಿ ಬಿರುಕು ಬಿಡೋ ಕಾಲ, ಮಣ್ಣಲ್ಲಿ ತೇವ ಇಲ್ದೆ ಹೋದ್ರೆ ಅರ್ತ್ ರೆಸಿಸ್ಟೆನ್ಸ್, ಅಂದ್ರೆ ಕರೆಂಟು ನೆಲಕ್ಕೆ ಇಳಿಯೋಕೆ ಇರೋ ತಡೆ, ಏರುತ್ತೆ, ಚಾರ್ಜರ್ ಅದನ್ನ ಕಂಡುಹಿಡಿದು ನಿಂತ್ಕೊಳ್ಳುತ್ತೆ. ಗುಂಡಿಗೆ ಎರಡು ಬಿಂದಿಗೆ ನೀರು ಹಾಕಿ ಅರ್ಧ ಗಂಟೆ ಬಿಟ್ಟು ನೋಡಿದ್ರೆ ಹಸಿರು ದೀಪ ಬಂತು. ಈಗ ಬೇಸಿಗೆಯಲ್ಲಿ ನಮ್ಮತ್ತೆ ತುಳಸಿಗೆ ನೀರು ಹಾಕೋವಾಗ ಅದಕ್ಕೂ ಒಂದು ಚೊಂಬು ಹಾಕ್ತಾರೆ.

ದಿನಕ್ಕೆ 10 ಯೂನಿಟ್ ತಿನ್ನುತ್ತೆ, ಮೂರೂವರೆ ಗಂಟೆ ಚಾರ್ಜು. ರಾತ್ರಿ ಊಟ ಆದ್ಮೇಲೆ ಚುಚ್ಚಿ ಮಲಗೋ ಮುಂಚೆ ಒಂದ್ಸಲ ಪ್ಲಗ್ ಮುಟ್ಟಿ ನೋಡ್ತೀನಿ, ಬೆಚ್ಚಗಿದ್ರೆ ಸರಿ, ಕೈ ಇಡೋಕ್ಕಾಗದಷ್ಟು ಸುಟ್ರೆ ಸಾಕೆಟ್ ಬದಲಾಯಿಸ್ಬೇಕು ಅಂತ ಅರ್ಥ, ನಾನು ಒಂದ್ಸಲ ಬದಲಾಯಿಸಿದೀನಿ. ಬಿಲ್ ವಿಷಯ ಯಾರೂ ಮೊದಲೇ ಹೇಳಲ್ಲ. ನಮ್ಮನೆದು 110 ಯೂನಿಟ್ ಬರ್ತಿತ್ತು, ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು. ಕಾರು ಬಂದ ತಿಂಗಳೇ 200 ದಾಟ್ತು, 200 ದಾಟಿದ್ರೆ ಮೇಲಿನ ಯೂನಿಟ್ಟಿಗೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಬೇಕು. ಈಗ ತಿಂಗಳಿಗೆ 3,000ದ ಹತ್ರ ಬರುತ್ತೆ. ಪೆಟ್ರೋಲಿನ 12,000ದ ಮುಂದೆ ಇದು ಕಮ್ಮೀನೇ, ಆದ್ರೆ ದಿನಾ 15 ಕಿ.ಮೀ. ಮಾತ್ರ ಓಡಿಸೋರು ಈ ಲೆಕ್ಕ ಹಾಕಿಯೇ ಮುಂದಕ್ಕೆ ಹೋಗ್ಬೇಕು. ಕಾರ್ ಚಾರ್ಜಿಂಗಿಗೆ ಅಂತಾನೇ ಬೇರೆ ಮೀಟರ್ ತಗೊಳ್ಳೋ ದಾರೀನೂ ಇದೆ.

ಓಡಿಸೋ ಸುಖ ಮಾತ್ರ ಹೇಳಿ ಮುಗಿಯಲ್ಲ. ಗೇರಿಲ್ಲ, ಕ್ಲಚ್ಚಿಲ್ಲ, ಮಂಡಿ ನೋವು ಮೂರೇ ತಿಂಗಳಲ್ಲಿ ಹೋಯ್ತು. ಎಲ್ಲಕ್ಕಿಂತ ನನಗೆ ಇಷ್ಟ ರೀಜೆನ್, ಅಂದ್ರೆ ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಮೋಟಾರೇ ಜನರೇಟರ್ ಆಗಿ ಗಾಡಿ ನಿಧಾನ ಮಾಡ್ತಾ ಕರೆಂಟು ಬ್ಯಾಟರಿಗೆ ವಾಪಸ್ ಹಾಕುತ್ತೆ. ನಂದಿ ಬೆಟ್ಟಕ್ಕೆ ಹೋದಾಗ ಇದನ್ನ ಲೆಕ್ಕ ಹಾಕಿದ್ದೆ. ಬೆಟ್ಟ 1,478 ಮೀಟರ್, ಬುಡದಿಂದ ಏರೋದು ಸುಮಾರು 500 ಮೀಟರ್, ನಾವು ನಾಲ್ಕು ಜನ ಸೇರಿ ಕಾರಿನ ತೂಕ 1,800 ಕೆ.ಜಿ. ಅಂತ ಇಟ್ಕೊಂಡ್ರೆ ತೂಕ, ಗುರುತ್ವ, ಎತ್ತರ ಮೂರನ್ನೂ ಗುಣಿಸೋ ಎಂಜಿಹೆಚ್ ಸೂತ್ರದಲ್ಲಿ ಎರಡೂವರೆ ಯೂನಿಟ್ ಬರುತ್ತೆ, ಬರೀ ಎತ್ತರ ಏರೋದಕ್ಕೇ ಅಷ್ಟು ಹೋಗುತ್ತೆ. ಇಳಿಯೋವಾಗ ಬ್ರೇಕ್ ಪೆಡಲ್ ಹೆಚ್ಚುಕಮ್ಮಿ ಮುಟ್ಟಲೇ ಇಲ್ಲ, ಕೆಳಗೆ ಬಂದು ನೋಡಿದ್ರೆ ಚಾರ್ಜು 4 ಪರ್ಸೆಂಟ್ ಏರಿತ್ತು. ನಮ್ಮದು 40 ಯೂನಿಟ್ ಬ್ಯಾಟರಿ, ಅಂದ್ರೆ ಒಂದೂವರೆ ಯೂನಿಟ್ ವಾಪಸ್ ಸಿಕ್ತು. ಮಾರನೇ ದಿನ ಕ್ಲಾಸಲ್ಲಿ ಬೋರ್ಡ್ ಮೇಲೆ ಇದನ್ನೇ ಬರೆದೆ, ಹಿಂದಿನ ಬೆಂಚಿನ ಹುಡುಗರೂ ತಲೆ ಎತ್ತಿ ಕೇಳಿಸ್ಕೊಂಡ್ರು.

ಆದ್ರೆ ಇದ್ರಲ್ಲಿ ಒಂದು ಅಪಾಯ ಇದೆ, ಹೊಸಬರು ಗಮನ ಇಡ್ಬೇಕು. 100 ಪರ್ಸೆಂಟ್ ತುಂಬಿಸ್ಕೊಂಡು ಮನೆಯಿಂದ ಹೊರಟಾಗ ಬ್ಯಾಟರಿಯಲ್ಲಿ ಜಾಗ ಇರಲ್ಲ, ಅದಕ್ಕೇ ರೀಜೆನ್ ಕೆಲಸ ಮಾಡಲ್ಲ, ಮಾಡಿದ್ರೂ ಬಹಳ ಕಮ್ಮಿ. ದಿನಾ ಕಾಲು ತೆಗೆದ ತಕ್ಷಣ ನಿಧಾನ ಆಗೋ ಗಾಡಿ ಅವತ್ತು ಸುಮ್ನೆ ಜಾರ್ಕೊಂಡು ಹೋಗುತ್ತೆ. ನಮ್ಮ ಬೀದಿ ಕೊನೆ ಹಂಪ್ ಹತ್ರ ನನಗೆ ಹಂಗೇ ಆಯ್ತು, ಮುಂದೆ ಸ್ಕೂಲ್ ಮಕ್ಕಳು ದಾಟ್ತಾ ಇದ್ರು, ಬ್ರೇಕ್ ತುಳಿದು ನಿಲ್ಲಿಸಿದೆ ಸರಿ, ಆದ್ರೆ ಕೈ ನಡುಗ್ತಿತ್ತು. ಅವತ್ತಿಂದ ದಿನಾ 85 ಪರ್ಸೆಂಟಿಗೆ ಚಾರ್ಜ್ ನಿಲ್ಲಿಸ್ತೀನಿ. ನಮ್ಮದು ಎಲ್‌ಎಫ್‌ಪಿ, ಅಂದ್ರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಆದ್ರಿಂದ ಆಗಾಗ ಪೂರ್ತಿ ತುಂಬಿಸ್ಬೇಕು, ಇಲ್ದಿದ್ರೆ ಎಷ್ಟು ಚಾರ್ಜ್ ಇದೆ ಅನ್ನೋ ಅಂದಾಜು ತಪ್ಪುತ್ತೆ, ಅದನ್ನ ಶನಿವಾರ ರಾತ್ರಿ ಮಾಡ್ತೀನಿ.

ಇನ್ನು ಸ್ಕ್ರೀನ್. ಇದರ ಮೇಲೆ ನನಗೆ ನಿಜವಾಗ್ಲೂ ಸಿಟ್ಟಿದೆ. ಡಿಸೆಂಬರಲ್ಲಿ ಬೆಳಗ್ಗೆ ಏಳು ಗಂಟೆಗೆ ನಮ್ಮ ಕಡೆ ಮಂಜು ಹೆಂಗಿರುತ್ತೆ ಅಂತ ಗೊತ್ತಲ್ಲ, ಗ್ಲಾಸು ಒಳಗಡೆಯಿಂದ ಮಬ್ಬಾಗ್ತಾ ಬಂತು, ಹಳೇ ಕಾರಲ್ಲಿ ಕಣ್ಣು ರೋಡ್ ಮೇಲಿಟ್ಟೇ ಕೈ ನಾಬ್ ಹುಡುಕ್ಕೊಂಡು ತಿರುಗಿಸ್ತಿತ್ತು, ಇದರಲ್ಲಿ ಮ್ಯಾಪಿಂದ ಹಿಂದಕ್ಕೆ ಬಂದು ಎಸಿ ಪುಟ ತೆಗೆದು ಸಣ್ಣ ಚಿತ್ರದ ಮೇಲೆ ಬೆರಳಿಡಬೇಕು, ಅಷ್ಟರಲ್ಲಿ ರೋಡಲ್ಲಿ ಗುಂಡಿ ಬಂದ್ರೆ ಬೆರಳು ಇನ್ನೆಲ್ಲೋ ಬೀಳುತ್ತೆ. ಆಮೇಲೊಂದು ದಿನ ರಾತ್ರೋರಾತ್ರಿ ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ಆ ಚಿತ್ರ ಇದ್ದ ಜಾಗಾನೇ ಬದಲಾಗಿತ್ತು. ಗ್ಲಾಸಿನ ಮಬ್ಬು ತೆಗೆಯೋ ಬಟನ್ ಎಲ್ಲಿದೆ ಅಂತ ಓಡ್ತಿರೋ ಗಾಡಿಯಲ್ಲಿ ಹುಡುಕೋ ಪರಿಸ್ಥಿತಿ ಯಾರಿಗೂ ಬರಬಾರದು. ಈಗ ಹೊರಡೋ ಮುಂಚೆ, ಗಾಡಿ ನಿಂತಿರೋವಾಗ್ಲೇ ಗಾಳಿ ಗ್ಲಾಸ್ ಕಡೆ ತಿರುಗಿಸಿಟ್ಟೇ ಹೊರಡ್ತೀನಿ.

ಗಾಡಿ ತನ್ನ ಲೇನ್ ಬಿಟ್ಟು ಸರಿಯದ ಹಾಗೆ ನೋಡ್ಕೊಳ್ಳೋ ಲೇನ್ ಅಸಿಸ್ಟ್ ಹೈವೇಯಲ್ಲಿ, ಅಂದ್ರೆ ದೇವನಹಳ್ಳಿ ಕಡೆ ಹೋಗೋವಾಗ, ಚೆನ್ನಾಗಿದೆ. ಊರ ಕಡೆ ಬೈಕಿಗೆ ಜಾಗ ಬಿಡೋಕೆ ಸ್ವಲ್ಪ ಬಲಕ್ಕೆ ಸರಿದ್ರೆ ಸ್ಟೀರಿಂಗನ್ನ ವಾಪಸ್ ಎಳೆಯುತ್ತೆ. ಪ್ರತಿ ಸಲ ಕಾರ್ ಆನ್ ಮಾಡ್ದಾಗ್ಲೂ ಅದು ತಾನೇ ಆನ್ ಆಗುತ್ತೆ, ಪ್ರತಿ ಸಲಾನೂ ಆಫ್ ಮಾಡ್ತೀನಿ. ಸುಗ್ಗಿ ಕಾಲದಲ್ಲಿ ರಾಗಿ ತೆನೆ, ಹುರುಳಿ ಗಿಡ ರೋಡ್ ಮೇಲೆ ಹರಡಿರ್ತಾರೆ. ಪೆಟ್ರೋಲ್ ಕಾರಲ್ಲಿ ಹುರುಳಿ ಗಿಡ ಕೆಳಗೆ ಸುತ್ಕೊಂಡು ಸೈಲೆನ್ಸರ್ ಬಿಸಿಗೆ ಹೊತ್ಕೊಳ್ಳೋ ಭಯ ಇತ್ತು, ಇದಕ್ಕೆ ಸೈಲೆನ್ಸರೇ ಇಲ್ಲ. ಸುತ್ಕೊಳ್ಳೋದು ಮಾತ್ರ ಸುತ್ಕೊಳ್ಳುತ್ತೆ, ನಿಲ್ಲಿಸಿ ಬಿಡಿಸ್ಕೊಂಡೇ ಹೋಗ್ಬೇಕು. ಗಾಡಿ ಸದ್ದಿಲ್ದೆ ಬರೋದ್ರಿಂದ ಕಣದಲ್ಲಿ ಬಗ್ಗಿ ಕೆಲಸ ಮಾಡ್ತಿರೋರಿಗೆ ಗೊತ್ತೇ ಆಗಲ್ಲ, ಅಲ್ಲಿ ದೂರದಿಂದ್ಲೇ ಒಂದು ಸಣ್ಣ ಹಾರ್ನ್ ಹೊಡೀತೀನಿ.

ನನ್ನ ತವರು ಶಿಡ್ಲಘಟ್ಟದ ಹತ್ರ ಒಂದು ಹಳ್ಳಿ, ತಮ್ಮ ರೇಷ್ಮೆ ಹುಳು ಸಾಕ್ತಾನೆ. ಕಾರಿಂದ ಕರೆಂಟು ಹೊರಗೆ ತೆಗೀಬಹುದು ಅಂತ ಗೊತ್ತಾದ ದಿನಾನೇ ಫೋನ್ ಮಾಡಿದ್ದ, "ಅಕ್ಕಾ, ಬೋರ್ ಮೋಟಾರ್ ಓಡುತ್ತಾ?" ಓಡಲ್ಲ. ನಮ್ಮ ಬೋರು 10 ಹೆಚ್‌ಪಿ, ಅಂದ್ರೆ ಏಳೂವರೆ ಕಿಲೋವ್ಯಾಟ್, ಅದೂ ತ್ರೀ ಫೇಸು, ಕಾರು ಕೊಡೋದು ಸಿಂಗಲ್ ಫೇಸಲ್ಲಿ 3 ಕಿಲೋವ್ಯಾಟ್ ಚಿಲ್ಲರೆ. ಅವನಿಗೆ ಬೇಜಾರಾಯ್ತು. ಆದ್ರೆ ಹೋದ ವರ್ಷ ಮೇ ತಿಂಗಳಲ್ಲಿ ಗಾಳಿ ಮಳೆಗೆ ಕಂಬ ಬಿದ್ದು ಊರಿಗೇ ಕರೆಂಟ್ ಹೋಯ್ತು, ಹುಳು ನಾಲ್ಕನೇ ಜ್ವರ (ಪೊರೆ ಬಿಡೋಕೆ ಸೊಪ್ಪು ಬಿಟ್ಟು ಮಲಗೋ ಹೊತ್ತು) ಮುಗಿಸಿ ಎದ್ದು ಭರ್ತಿ ಸೊಪ್ಪು ತಿನ್ನೋ ಹೊತ್ತು. ಆ ಹೊತ್ತಲ್ಲಿ ಹುಳು ಮನೆಗೆ ಗಾಳಿ ಬೇಕೇ ಬೇಕು, ಸೆಕೆ ಏರಿ ಗಾಳಿ ನಿಂತ್ರೆ ರೋಗ ಬಿದ್ದು ಒಂದು ತಿಂಗಳ ಕಷ್ಟ ಎಲ್ಲಾ ತಿಪ್ಪೆಗೆ ಹೋಗುತ್ತೆ. ನಾನು ಅವತ್ತು ಅಲ್ಲೇ ಇದ್ದೆ. ಕಾರು ಹುಳು ಮನೆ ಬಾಗಿಲಿಗೆ ತಂದು ನಿಲ್ಲಿಸಿ ಒಂದು ಎಕ್ಸ್‌ಟೆನ್ಷನ್ ಎಳೆದು ನಾಲ್ಕು ಫ್ಯಾನು, ಎಲ್ಲಾ ಲೈಟು ಹಾಕಿದ್ವಿ. ಐದು ಗಂಟೆ ಓಡ್ತು, ಚಾರ್ಜು 7 ಪರ್ಸೆಂಟ್ ಇಳಿದಿತ್ತು, ಅಷ್ಟೇ. ತಮ್ಮ ರಾತ್ರಿಯೆಲ್ಲಾ ತಟ್ಟೆ ತಟ್ಟೆ ನೋಡ್ತಾ ಓಡಾಡ್ತಿದ್ದ. ಆ ಬೆಳೆ ಉಳೀತು, ಗೂಡು ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹೋಯ್ತು. ಕಾರಿಗೆ ಕೊಟ್ಟ ದುಡ್ಡಿನ ಬಗ್ಗೆ ಅವತ್ತಿಂದ ನಮ್ಮಪ್ಪ ಒಂದು ಮಾತೂ ಆಡಿಲ್ಲ.

ಅಷ್ಟು ದೊಡ್ಡ ಬ್ಯಾಟರಿ ಇರೋ ಗಾಡಿ ದಸರಾ ರಜೆ ಮುಗಿದ ದಿನ ಬೆಳಗ್ಗೆ ಬಾಗಿಲೇ ತೆಗೀಲಿಲ್ಲ. ಎಂಟು ದಿನ ಮನೆ ಮುಂದೆ ನಿಂತಿತ್ತು. ಹ್ಯಾಂಡಲ್ ಬಾಡಿಯೊಳಗೆ ಹುದುಗಿರೋ ಥರದ್ದು, ಹೊರಗೆ ಬರಲಿಲ್ಲ, ಆ್ಯಪ್ ನೋಡಿದ್ರೆ ಕಾರು ಆಫ್‌ಲೈನ್, ಕೊನೇ ಸಲ ನೋಡ್ದಾಗ 71 ಪರ್ಸೆಂಟ್ ಚಾರ್ಜು. ಕಂಪನಿ ಸಹಾಯವಾಣಿಯವರು ಎರಡು ಗಂಟೆ ಕಾಯಿ ಅಂದ್ರು, ನನಗೆ ಒಂಬತ್ತೂವರೆಗೆ ಮೊದಲನೇ ಪಿರಿಯಡ್. ಆಗಿದ್ದಿಷ್ಟು: ಪೆಟ್ರೋಲ್ ಕಾರಲ್ಲಿರೋ ಥರಾನೇ ಇದರಲ್ಲೂ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇದೆ, ಬಾಗಿಲು ಲಾಕು, ಸ್ಕ್ರೀನು, ಕಂಪ್ಯೂಟರ್ ಎಲ್ಲಾ ಅದರ ಮೇಲೇನೇ. ಗಾಡಿ ಆಫ್ ಮಾಡ್ದಾಗ ದೊಡ್ಡ ಬ್ಯಾಟರಿಯ ಸಂಪರ್ಕ ಕಾಂಟ್ಯಾಕ್ಟರ್ ಅನ್ನೋ ಸ್ವಿಚ್ಚಿಂದ ಕಡಿದು ಹೋಗಿರುತ್ತೆ, ಆ ಸ್ವಿಚ್ ಮತ್ತೆ ಕೂಡಿಸೋಕೆ ಈ ಸಣ್ಣದರ ಕರೆಂಟ್ ಬೇಕು. ಸಣ್ಣದು ಸತ್ರೆ ದೊಡ್ಡದರಲ್ಲಿ ಎಷ್ಟಿದ್ರೂ ನಮಗೆ ಸಿಗಲ್ಲ.

ಎದುರು ಮನೆ ಆಟೋ ಅಣ್ಣ ಬಂದ್ರು. ಕೀ ಒಳಗೇ ಅಡಗಿಸಿಟ್ಟಿರೋ ಕಬ್ಬಿಣದ ಕೀ ಎಳೆದು ಬಾಗಿಲು ತೆಗೆದು ಬಾನೆಟ್ ಎತ್ತಿದ್ವಿ, ಮ್ಯಾನುಯಲ್ ಓದ್ಕೊಂಡು ಪಾಸಿಟಿವ್ ಪಾಸಿಟಿವ್ವಿಗೆ, ನೆಗೆಟಿವ್ ತೋರಿಸಿರೋ ಜಾಗಕ್ಕೆ ಕೇಬಲ್ ಹಾಕಿ ಆಟೋ ಬ್ಯಾಟರಿಯಿಂದ ಕೊಟ್ಟಿದ್ದೇ ತಡ, ಕಾರು ಎದ್ದೇಬಿಡ್ತು, ಯಾಕಂದ್ರೆ ಇಲ್ಲಿ ಎಂಜಿನ್ ತಿರುಗಿಸೋ ಕೆಲಸ ಇಲ್ಲ, ಕಾಂಟ್ಯಾಕ್ಟರ್ ಕೂಡಿದ್ರೆ ಸಾಕು, ಆಮೇಲೆ ದೊಡ್ಡ ಬ್ಯಾಟರಿನೇ ಸಣ್ಣದನ್ನ ಚಾರ್ಜ್ ಮಾಡ್ಕೊಳ್ಳುತ್ತೆ. ವಾರಕ್ಕಿಂತ ಹೆಚ್ಚು ನಿಲ್ಲಿಸೋದಿದ್ರೆ ಈಗ ಮಧ್ಯದಲ್ಲೊಂದು ದಿನ ಅರ್ಧ ಗಂಟೆ ಆನ್ ಮಾಡಿಡ್ತೀನಿ. ಜಂಪರ್ ಕೇಬಲ್ ಕೊಂಡ್ಕೊಂಡೆ. ಅದನ್ನ ಡಿಕ್ಕಿಯಲ್ಲಿ ಇಡಬೇಡಿ, ಡಿಕ್ಕಿ ತೆಗೆಯೋಕೂ ಅದೇ 12 ವೋಲ್ಟ್ ಬೇಕು, ನನ್ನದು ಡ್ರೈವರ್ ಸೀಟ್ ಕೆಳಗಿದೆ.